ಮೀನಿನ ಕೊಳಕ್ಕೆ ನಳದ ನೀರು: ಲೀಟರ್ ಲೆಕ್ಕ ಗೊತ್ತಿಲ್ಲದೆ ಪೈಪು ಬಿಡಬೇಡಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ: ನೀರು ಬದಲಿಸಿದೆವು, ಬೆಳಗಾಗುವಷ್ಟರಲ್ಲಿ ಮೀನು ಸತ್ತವು. ಪ್ರತಿ ಬೇಸಿಗೆಯಲ್ಲೂ ಇದೇ ಪ್ರಶ್ನೆ ಬರುತ್ತದೆ. ಮೀನು ಸಾಯುವುದೂ ಇದೇ ತಪ್ಪಿಗೆ. ಹಾಗಾಗಿ ಒಂದು ಪ್ರಶ್ನೆಗೆ ಪೂರ್ತಿ ಉತ್ತರ ಕೊಡುತ್ತೇನೆ. ಉಳಿದವಕ್ಕೆ ಎಷ್ಟು ಬೇಕೋ ಅಷ್ಟು.

ಪ್ರಶ್ನೆ: ಹಿತ್ತಲದಾಗ ಶಹಾಬಾದ್ ಫರಸಿ ಹಾಕಿ 10 ಅಡಿ ಉದ್ದ, 6 ಅಡಿ ಅಗಲದ ಕೊಳ ಮಾಡಿಸೀವಿ. ಎರಡೂವರೆ ಅಡಿ ನೀರು ನಿಲ್ಲತದ. 14 ಗೋಲ್ಡ್‌ಫಿಶ್, 5 ಕೊಯಿ ಇದ್ವು. ನೀರು ಹಸರಾಗಿತ್ತಂತ ಪೂರಾ ಖಾಲಿ ಮಾಡಿ, ಫರಸಿ ತಿಕ್ಕಿ ತೊಳದು, ರಾತ್ರಿ ನಳ ಬಂದಾಗ ಪೈಪು ಬಿಟ್ಟು ತುಂಬಿಸಿದ್ವಿ. ಅಂಗಡಿಯವರು ಕೊಟ್ಟ ನೀಲಿ ಔಷಧ 20 ಹನಿ ಹಾಕಿದ್ವಿ. ಮುಂಜಾನೆ ನೋಡಿದ್ರ ಮೂರು ಬಿಟ್ಟು ಎಲ್ಲಾ ಸತ್ತಿದ್ವು. ಆ ಮೂರೂ ಮ್ಯಾಲೆ ಬಂದು ಬಾಯಿ ಬಿಡಲಾಕತ್ತಾವ. ತಪ್ಪು ಎಲ್ಲಾಗೇದರಿ? (ಜೇವರ್ಗಿ ರಸ್ತೆ, ಕಲಬುರಗಿ)

ಮೊದಲು ಉಳಿದ ಮೂರರ ಮಾತು. ಗಾಬರಿಯಲ್ಲಿ ಮತ್ತೆ ನೀರು ಬದಲಿಸಬೇಡಿ, ಅದು ಅದೇ ಕ್ಲೋರಿನ್ ಬೆರೆತ ನಳದ ನೀರು. ಲ್ಯಾಬ್ ಕೆಮಿಕಲ್ ಮಾರುವ ಅಂಗಡಿಯಿಂದ ಕ್ಲೋರಿನ್ ತೆಗೆಯುವ ಸೋಡಿಯಂ ಥಿಯೋಸಲ್ಫೇಟ್ ಹರಳು ತನ್ನಿ. ಹಳೆಯ ಫೋಟೋ ಸ್ಟುಡಿಯೋದವರು ಅದನ್ನು ಹೈಪೋ ಎನ್ನುತ್ತಿದ್ದರು, ಹಾಗೆ ಕೇಳಿದರೂ ಸಿಗುತ್ತದೆ. ನಿಮ್ಮ ಕೊಳಕ್ಕೆ 60 ಗ್ರಾಂ. ಒಂದು ಬಕೀಟು ನೀರಿನಲ್ಲಿ ಪೂರ್ತಿ ಕರಗಿಸಿ ಕೊಳದ ತುಂಬ ಚೆಲ್ಲಿ. ಏರ್ ಪಂಪ್ ಇದ್ದರೆ ಹಚ್ಚಿ, ಇಲ್ಲದಿದ್ದರೆ ಸಣ್ಣ ಮೋಟರಿನಿಂದ ಕೊಳದ ನೀರನ್ನೇ ಎತ್ತಿ ಕೊಳಕ್ಕೇ ಬೀಳುವಂತೆ ಮಾಡಿ. ಲೀಟರ್‌ಗೆ 1 ಗ್ರಾಂ ಲೆಕ್ಕದಲ್ಲಿ ದಪ್ಪ ಉಪ್ಪು, ಅಂದರೆ ಸುಮಾರು 4 ಕಿಲೋ, ಎರಡು ಮೂರು ಕಂತಿನಲ್ಲಿ ಕರಗಿಸಿ ಹಾಕಿ. ಮೂರು ದಿನ ಆಹಾರ ಬೇಡ. ಸುಟ್ಟ ಕಿವಿರು ಸುಧಾರಿಸಲು ದಿನಗಳು ಬೇಕು. ಇವತ್ತು ಈಜಾಡಿದ ಮೀನು ನಾಳಿದ್ದು ಸಾಯಲೂಬಹುದು.

ಈಗ ಕಾರಣ. ದೊಡ್ಡದು ಸಣ್ಣದು ಎನ್ನದೆ ಎಲ್ಲ ಮೀನೂ ನೀರು ತುಂಬಿದ ಕೆಲವೇ ಗಂಟೆಗಳಲ್ಲಿ ಸತ್ತರೆ ಅದು ರೋಗವಲ್ಲ, ನೀರು. ರೋಗ ಒಂದೊಂದಾಗಿ ಕೊಲ್ಲುತ್ತದೆ. ಸತ್ತ ಮೀನಿನ ಕಿವಿರಿನ ಮುಚ್ಚಳ ಎತ್ತಿ ನೋಡಿ. ಆರೋಗ್ಯದ ಮೀನಿನ ಕಿವಿರು ಕೆಂಪಗೆ, ಎಳೆ ಎಳೆಯಾಗಿ ಬಿಡಿಯಾಗಿರುತ್ತದೆ. ಕ್ಲೋರಿನ್ ತಾಗಿದ್ದು ತುದಿಯಲ್ಲಿ ಬಿಳಿಚಿಕೊಂಡು, ಲೋಳೆ ಮೆತ್ತಿ, ಎಳೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ.

ಕುಡಿಯುವ ನೀರಿನ ಮಾನದಂಡದಂತೆ ನಳದ ಕೊನೆಯಲ್ಲೂ ಲೀಟರ್‌ಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಮನುಷ್ಯರಿಗೆ ಅದು ರಕ್ಷಣೆ. ಮೀನಿಗೆ ಅಷ್ಟೇ ಸಾವಿಗೆ ಸಾಕು, ಅದರ ಹತ್ತನೇ ಒಂದು ಪಾಲು ಇದ್ದರೂ ಕಿವಿರಿಗೆ ನೋವು. ನಮ್ಮಲ್ಲಿ ನೀರು ದಿನ ಬಿಟ್ಟು ದಿನ, ಕೆಲವು ಕಡೆ ವಾರಕ್ಕೊಮ್ಮೆ ಬರುತ್ತದೆ. ಪೈಪಿನ ಕೊನೆಯ ಮನೆಗೂ ಕ್ಲೋರಿನ್ ಮುಟ್ಟಬೇಕಾದರೆ ಮೂಲದಲ್ಲಿ ಹೆಚ್ಚು ಹಾಕಲೇಬೇಕು. ಓವರ್‌ಹೆಡ್ ಟ್ಯಾಂಕಿಗೆ ಹತ್ತಿರದ ಮನೆಯವರಿಗೆ ಆ ಹೆಚ್ಚಿನದು ಪೂರ್ತಿ ಬರುತ್ತದೆ. ಮಳೆಗಾಲದಲ್ಲಿ ಭೀಮೆಯ ನೀರು ಕೆಸರಾದಾಗ ಇನ್ನೂ ಹೆಚ್ಚು. ಆದ್ದರಿಂದ "ಹೋದ ತಿಂಗಳು ಇದೇ ನಳದ ನೀರು ಹಾಕಿದ್ದೆ, ಏನೂ ಆಗಲಿಲ್ಲ" ಎನ್ನುವುದಕ್ಕೆ ಅರ್ಥವಿಲ್ಲ. ಹೋದ ತಿಂಗಳ ನೀರು ಬೇರೆ, ಇವತ್ತಿನದು ಬೇರೆ.

ಆ ನೀಲಿ ಔಷಧ. ಸಾಮಾನ್ಯವಾಗಿ ಅದು ಮಿಥಿಲೀನ್ ಬ್ಲೂ, ಬೂಷ್ಟಿನ ರೋಗಕ್ಕೆ ಬಳಸುವಂಥದ್ದು. ಕ್ಲೋರಿನ್‌ ತೆಗೆಯಲು ಅದು ನೆಚ್ಚುವ ಮದ್ದಲ್ಲ. ಒಂದು ವೇಳೆ ನಿಜವಾಗಿಯೂ ಕ್ಲೋರಿನ್ ತೆಗೆಯುವ ದ್ರಾವಣವೇ ಆಗಿದ್ದರೂ 20 ಹನಿ ಎಂದರೆ 1 ಮಿಲಿ. ಗಾಜಿನ ತೊಟ್ಟಿಗೆ ಆಗಬಹುದು. ನಿಮ್ಮದು 4,250 ಲೀಟರ್‌ನ ಕೊಳ. ಬಾಟಲಿಯ ಮೇಲೆ ಒಳಗೇನಿದೆ, ಎಷ್ಟು ಲೀಟರ್‌ಗೆ ಎಷ್ಟು ಮಿಲಿ ಎಂದು ಅಚ್ಚು ಹಾಕಿರದಿದ್ದರೆ ಅದನ್ನು ಕೊಳ್ಳಬೇಡಿ. ಕೊಳದ ಅಳತೆ ಕೇಳದೆ ಹನಿ ಲೆಕ್ಕ ಹೇಳುವ ಅಂಗಡಿಯವರ ಮಾತು ನಂಬಿ ಎಷ್ಟು ಕೊಳಗಳು ಖಾಲಿಯಾಗಿವೆಯೋ!

4,250 ಎಲ್ಲಿಂದ ಬಂತು? ಉದ್ದ, ಅಗಲ, ಆಳ ಮೂರನ್ನೂ ಅಡಿಯಲ್ಲಿ ಗುಣಿಸಿ: 150 ಘನ ಅಡಿ. ಒಂದು ಘನ ಅಡಿಗೆ 28.3 ಲೀಟರ್. ಇನ್ನೊಂದು ಲೆಕ್ಕ ಇದಕ್ಕಿಂತ ಉಪಯೋಗದ್ದು: ನಿಮ್ಮ ಕೊಳದಲ್ಲಿ ನೀರು ಒಂದು ಇಂಚು ಇಳಿದರೆ 140 ಲೀಟರ್ ಹೋಯಿತೆಂದು ಅರ್ಥ. ಒಳಗಿನ ಫರಸಿಯ ಮೇಲೆ ಮೊಳೆಯಿಂದ ಇಂಚಿಗೊಂದು ಗೀರು ಕೊರೆಯಿರಿ. ನೀರು ನಾಲ್ಕೂವರೆ ಗೀರು ಇಳಿಸಿದರೆ ಸುಮಾರು 630 ಲೀಟರ್, ಅಂದರೆ ಶೇ 15. ವಾರಕ್ಕೆ ಅಷ್ಟು ಬದಲಿಸಿದರೆ ಸಾಕು. ಪೂರಾ ಖಾಲಿ ಮಾಡುವ ಕೆಲಸವನ್ನು ಇನ್ನು ಮುಂದೆ ಮಾಡಲೇಬೇಡಿ. ಇಳಿಸುವಾಗ ಮೇಲಿನ ತಿಳಿ ನೀರನ್ನಲ್ಲ, ಪೈಪಿನ ಬಾಯಿ ತಳಕ್ಕೆ ಇಟ್ಟು ಕೆಸರನ್ನು ಎಳೆಯಿರಿ. ಆ ನೀರು ಗಿಡಗಳಿಗೆ ಒಳ್ಳೆಯ ಗೊಬ್ಬರ, ಗಟಾರಕ್ಕೆ ಬಿಡಬೇಡಿ.

ಹೈಪೋ ಪ್ರಮಾಣ: ಲೀಟರ್‌ಗೆ 1 ಮಿಲಿಗ್ರಾಂ ಕ್ಲೋರಿನ್ ಇದ್ದರೆ 7 ಮಿಲಿಗ್ರಾಂ ಹರಳು ಬೇಕು. 1,000 ಲೀಟರ್‌ಗೆ 7 ಗ್ರಾಂ. ಕ್ಲೋರಿನ್ ಎಷ್ಟಿದೆ ಎಂದು ಅಳೆಯದೆ ಇದ್ದಾಗ 2 ಮಿಲಿಗ್ರಾಂ ಇದೆ ಎಂದೇ ಹಿಡಿಯಿರಿ, 14 ಗ್ರಾಂ. ಸ್ವಲ್ಪ ಹೆಚ್ಚಾದರೆ ಮೀನಿಗೆ ತೊಂದರೆಯಿಲ್ಲ, ಕಡಿಮೆಯಾದರೆ ಸಾವು. ಪ್ರತಿ ಸಲ ತೂಕ ಮಾಡುವ ಬದಲು 100 ಗ್ರಾಂ ಹರಳನ್ನು ನೀರಿನಲ್ಲಿ ಕರಗಿಸಿ, ಒಟ್ಟು 1 ಲೀಟರ್ ಆಗುವಂತೆ ನೀರು ತುಂಬಿಸಿ ಇಟ್ಟುಕೊಳ್ಳಿ. ಅದರ 10 ಮಿಲಿಯಲ್ಲಿ 1 ಗ್ರಾಂ ಇರುತ್ತದೆ. ಕಂದು ಬಣ್ಣದ ಬಾಟಲಿ, ಮೇಲೆ ಹೆಸರು, ಮಾಡಿದ ತಾರೀಖು, ಮಕ್ಕಳ ಕೈಗೆ ಸಿಗದ ಕಪಾಟು. ತಳದಲ್ಲಿ ಬಿಳಿ-ಹಳದಿ ಪುಡಿ ಕೂತರೆ ಅದು ಕೆಟ್ಟಿದೆ, ಚೆಲ್ಲಿ ಹೊಸದು ಮಾಡಿ.

ಕೊಳದ ಪಕ್ಕ 200 ಲೀಟರ್‌ನ ಪ್ಲಾಸ್ಟಿಕ್ ಡ್ರಮ್ ಇಡಿ, ಮೂರಾದರೆ ನಿಮ್ಮ ವಾರದ ಲೆಕ್ಕಕ್ಕೆ ಸರಿಹೋಯಿತು. ನಳದ ನೀರು ಮೊದಲು ಡ್ರಮ್ಮಿಗೆ. ಡ್ರಮ್ಮಿಗೆ 30 ಮಿಲಿ ದ್ರಾವಣ ಹಾಕಿ ಕೋಲಿನಿಂದ ಚೆನ್ನಾಗಿ ಕಲಕಿ. ಕ್ಲೋರಿನ್ ಸಾಯಲು ನಿಮಿಷವೂ ಬೇಡ, ಆದರೂ ಹತ್ತು ನಿಮಿಷ ಬಿಡಿ. ಆಮೇಲೆ ಪರೀಕ್ಷೆ. ಗ್ರಾಮ ಪಂಚಾಯಿತಿಯ ನೀರಗಂಟಿಗಳು ಬಳಸುವ ಕ್ಲೋರೋಸ್ಕೋಪ್ ಇದೆಯಲ್ಲ, ಅದೇ ಸಾಕು. ನಳಿಕೆಯಲ್ಲಿ ಗೆರೆಯವರೆಗೆ ನೀರು, ಅದಕ್ಕೆ ಆರ್ಥೊಟಾಲಿಡಿನ್ ಹನಿ. ಕೂಡಲೇ ಹಳದಿಯಾದರೆ ಕ್ಲೋರಿನ್ ಇನ್ನೂ ಇದೆ, ಮತ್ತೆ 10 ಮಿಲಿ ದ್ರಾವಣ ಹಾಕಿ ಕಲಕಿ. ಹೈಪೋ ಹಾಕುವ ಮೊದಲು ನಳದ ನೀರನ್ನೂ ಹೀಗೇ ನೋಡಿ: ಮೊದಲು ತಿಳಿಯಾಗಿದ್ದು ಐದು ನಿಮಿಷದಲ್ಲಿ ನಿಧಾನಕ್ಕೆ ಹಳದಿ ಏರಿದರೆ ಕ್ಲೋರಿನ್ ಅಮೋನಿಯದ ಜೊತೆ ಸೇರಿಕೊಂಡಿದೆ. ಹೈಪೋ ಅದನ್ನೂ ಒಡೆಯುತ್ತದೆ, ಆದರೆ ಅಮೋನಿಯ ನೀರಿನಲ್ಲೇ ಉಳಿಯುತ್ತದೆ. ಅಂಥ ದಿನ ಶೇ 5ಕ್ಕಿಂತ ಹೆಚ್ಚು ಬದಲಿಸಬೇಡಿ. ಪರೀಕ್ಷೆ ಮಾಡಿದ ನೀರನ್ನು ಕೊಳಕ್ಕೆ ಸುರಿಯಬಾರದು, ಆ ಹನಿ ವಿಷ. ಕೈ ತೊಳೆದುಕೊಳ್ಳಿ.

ಡ್ರಮ್ ಇಡಲು ಜಾಗವೇ ಇಲ್ಲ ಎನ್ನುವವರು ಹೊಸ ನೀರಿಗೆ ಬೇಕಾದ ದ್ರಾವಣವನ್ನು, ಅಂದರೆ 630 ಲೀಟರ್‌ಗೆ 90 ಮಿಲಿಯನ್ನು, ಮೊದಲೇ ಬಕೀಟಿನಲ್ಲಿ ಕಲಸಿ ಕೊಳದ ತುಂಬ ಚೆಲ್ಲಿ, ಆಮೇಲೆ ಪೈಪು ಬಿಡಬೇಕು. ತುಂಬಿಸಿ ಆದ ಮೇಲೆ ಹಾಕುವುದಲ್ಲ, ಅಷ್ಟರಲ್ಲಿ ಕಿವಿರು ಸುಟ್ಟಿರುತ್ತದೆ. ಪೈಪಿನ ಬಾಯಿಗೆ ಶವರ್ ಸಿಕ್ಕಿಸಿ, ನೀರು ಹೆಚ್ಚು ಅಲುಗಾಡುವ ಕಡೆಗೆ ಸಣ್ಣಗೆ ಬಿಡಿ. ಪೈಪು ಬಿಟ್ಟವರು ಅಲ್ಲಿಂದ ಏಳಬಾರದು. ರಾತ್ರಿ ನಳ ಬಿಟ್ಟು ನಿದ್ದೆ ಹೋಗಿ ಕೊಳ ತುಂಬಿ ಹರಿದದ್ದೇ ಹೆಚ್ಚಿನ ಸಾವುಗಳ ಹಿಂದಿನ ಕಥೆ. ಮೊಬೈಲಿನಲ್ಲಿ ಅಲಾರಂ ಇಡಿ. ನಳದಿಂದ ನೇರ ಕೊಳಕ್ಕೆ ಬಾಲ್‌ಕಾಕ್ ಹಾಕಿಸಿದವರು ಇವತ್ತೇ ತೆಗೆಸಿ.

ಇನ್ನೊಂದು ತಪ್ಪು ನಿಮಗೆ ತಪ್ಪು ಅನಿಸಿಯೇ ಇಲ್ಲ: ಫರಸಿ ತಿಕ್ಕಿ ತೊಳೆದದ್ದು. ಕಲ್ಲಿನ ಮೇಲೆ ಜಾರುವ ಆ ಪಾಚಿಯ ಪದರಿನಲ್ಲಿ ಮೀನು ಹೊರಹಾಕುವ ಅಮೋನಿಯವನ್ನು ತಿಂದು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯ ಇರುತ್ತವೆ. ತಿಕ್ಕಿ ಒಂದಿಷ್ಟು, ನಳದ ನೀರಿನ ಕ್ಲೋರಿನ್ನಿನಿಂದ ಮಿಕ್ಕಷ್ಟು ಹೋದವು. ಶಹಾಬಾದ್ ಕಲ್ಲು ಸುಣ್ಣದ ಕಲ್ಲು, ಅದರ ಕೊಳದ ನೀರಿನ ಪಿಎಚ್ (ಹುಳಿಯೋ ಕ್ಷಾರವೋ ಎಂಬ ಅಳತೆ) 8ರ ಮೇಲೇ ನಿಲ್ಲುತ್ತದೆ. 30 ಡಿಗ್ರಿ ನೀರಿನಲ್ಲಿ ಪಿಎಚ್ 7 ಇದ್ದರೆ ಅಮೋನಿಯದ ವಿಷರೂಪ ನೂರರಲ್ಲಿ ಒಂದು ಪಾಲೂ ಇರುವುದಿಲ್ಲ. 8.5 ಆದರೆ ಐದರಲ್ಲಿ ಒಂದು ಪಾಲು. ಬೇರೆ ಊರಿನ ಕೊಳದಲ್ಲಿ ಮೀನು ತಡೆದುಕೊಳ್ಳುವ ಅಮೋನಿಯ ನಿಮ್ಮ ಕೊಳದಲ್ಲಿ ಕೊಲ್ಲುವುದು ಇದಕ್ಕೇ. ಆ ಮೂರು ಮೀನು ಉಳಿದರೆ ಮುಂದಿನ ನಾಲ್ಕೈದು ವಾರ ಆಹಾರ ಚಿಟಿಕೆಯಷ್ಟು, ಎರಡು ದಿನಕ್ಕೊಮ್ಮೆ ಅಮೋನಿಯ ಪರೀಕ್ಷೆ, ಅಮೋನಿಯ ಕಂಡರೆ ಶೇ 15 ನೀರು ಬದಲು. ಪರೀಕ್ಷೆಯಲ್ಲಿ ಎರಡು ವಾರ ಸತತ ಸೊನ್ನೆ ಬಂದ ಮೇಲೆ ಹೊಸ ಮೀನು ತನ್ನಿ, ಅದೂ ಎರಡು. ಮತ್ತೆ 19ರ ಆಸೆ ಬೇಡ. ಫಿಲ್ಟರಿನ ಸ್ಪಂಜನ್ನು ಕೊಳದಿಂದ ತೆಗೆದ ನೀರಿನಲ್ಲೇ ಹಿಂಡಬೇಕು, ನಳದ ಕೆಳಗೆ ಅಲ್ಲ. ಫರಸಿ ಬೆಳ್ಳಗಾಗಲೆಂದು ಬಾತ್‌ರೂಮ್ ಆಸಿಡ್ ಹಾಕುವವರೂ ಇದ್ದಾರೆ. ಕಲ್ಲೇ ನೊರೆ ಬಂದು ಕರಗುತ್ತದೆ, ಸಂದು ಬಿಡುತ್ತದೆ. ದಯವಿಟ್ಟು ಮಾಡಬೇಡಿ.

ಪ್ರಶ್ನೆ: ಸಂಪಿನಲ್ಲಿ ಎರಡು ದಿನ ನಿಂತ ನೀರಿನಲ್ಲಿ ಕ್ಲೋರಿನ್ ಇರುವುದಿಲ್ಲ ಅಲ್ಲವೇ? (ಬೀದರ್)

ಮುಚ್ಚಿದ ಸಂಪಿನಲ್ಲಿ ಇರುತ್ತದೆ. ಕ್ಲೋರಿನ್ ಹೋಗಲು ಬಿಸಿಲು ಬೇಕು, ಗಾಳಿ ಬೇಕು. ಬಾಯಿ ತೆರೆದ ಡ್ರಮ್ಮಿನಲ್ಲಿ ಪೂರ್ತಿ ಒಂದು ದಿನ ಬಿಸಿಲು ಬಿದ್ದರೆ ಬಹುಪಾಲು ಹೋಗುತ್ತದೆ, ಅಮೋನಿಯದ ಜೊತೆ ಸೇರಿದ್ದು ಹೋಗುವುದಿಲ್ಲ. ಬೇಸಿಗೆಯಲ್ಲಿ ಆ ಡ್ರಮ್ಮಿನ ನೀರು ಮಧ್ಯಾಹ್ನ ಕೈ ಇಡಲಾಗದಷ್ಟು ಕಾದಿರುತ್ತದೆ, ಮಾಳಿಗೆ ಮೇಲಿನ ಸಿಂಟೆಕ್ಸ್‌ನದೂ ಅಷ್ಟೇ. ಬೆಳಗಿನ ಜಾವ ತಣ್ಣಗಾದ ಮೇಲೆ ಬಳಸಿ. ಕೊಳಕ್ಕೂ ಹೊಸ ನೀರಿಗೂ 2 ಡಿಗ್ರಿಗಿಂತ ಹೆಚ್ಚು ಅಂತರ ಇರಬಾರದು.

ಪ್ರಶ್ನೆ: ಲಿಂಬೆರಸ, ತುಳಸಿ, ಫಟಕಡಿ ಇವುಗಳಲ್ಲಿ ಯಾವುದರಿಂದ ಕ್ಲೋರಿನ್ ಹೋಗುತ್ತದೆ? ವಿಡಿಯೊದಲ್ಲಿ ವಿಟಮಿನ್ ಸಿ ಮಾತ್ರೆ ಎಂದೂ ಹೇಳಿದ್ದರು. (ಯಾದಗಿರಿ)

ಮೊದಲಿನ ಮೂರನ್ನೂ ಮರೆತುಬಿಡಿ. ಫಟಕಡಿ ಕೆಸರು ಕೂರಿಸುತ್ತದೆ, ಕ್ಲೋರಿನ್ ತೆಗೆಯುವುದಿಲ್ಲ. ವಿಟಮಿನ್ ಸಿ ಮಾತ್ರ ನಿಜ: 1 ಮಿಲಿಗ್ರಾಂ ಕ್ಲೋರಿನ್ನಿಗೆ 2.5 ಮಿಲಿಗ್ರಾಂ ಶುದ್ಧ ಪುಡಿ. ಜಗಿಯುವ ಮಾತ್ರೆ ಬೇಡ, ಅದರಲ್ಲಿ ಸಕ್ಕರೆ, ಬಣ್ಣ ಇರುತ್ತದೆ. ಹೈಪೋ ಸಿಗುವಾಗ ಇದರ ಖರ್ಚು ಯಾಕೆ?

ಪ್ರಶ್ನೆ: ಆರ್‌ಒ ನೀರು ತುಂಬಿಸಲೇ? (ಶಹಾಪುರ)

ಬೇಡ.

ಪ್ರಶ್ನೆ: ನೀರು ಬದಲಿಸಿದರೂ ವಾರದಲ್ಲಿ ಮತ್ತೆ ಹಸಿರಾಗುತ್ತದೆ. (ಆಳಂದ)

ಹಸಿರು ಬರುವುದು ಬಿಸಿಲು ಮತ್ತು ಹೆಚ್ಚಾದ ಆಹಾರದಿಂದ. ಅರ್ಧ ಕೊಳಕ್ಕೆ ನೆರಳು ಕಟ್ಟಿ, ಆಹಾರ ಅರ್ಧಕ್ಕೆ ಇಳಿಸಿ.

ಪ್ರಶ್ನೆ: ಬೇಸಿಗೆಯಲ್ಲಿ ಆವಿಯಾದಷ್ಟು ಟ್ಯಾಂಕರ್ ನೀರು ಸೇರಿಸುತ್ತೇವೆ. ಅದೇ ನೀರು ಬದಲಿಸಿದಂತೆ ಆಗುವುದಿಲ್ಲವೇ? (ಹುಮನಾಬಾದ್)

ಆಗುವುದಿಲ್ಲ. ಆವಿಯಾಗುವುದು ನೀರು ಮಾತ್ರ, ಉಪ್ಪು, ಸುಣ್ಣ, ನೈಟ್ರೇಟ್ ಒಳಗೇ ಉಳಿದು ಗಟ್ಟಿಯಾಗುತ್ತವೆ. ಮೊದಲು ತಳದಿಂದ ಎರಡು ಇಂಚು ತೆಗೆದು ಆಮೇಲೆ ಸೇರಿಸಿ. ಟ್ಯಾಂಕರ್ ನೀರನ್ನು ಬೋರಿನದು ಎಂದು ನಂಬಿ ಹೈಪೋ ಹಾಕದೆ ಇರಬೇಡಿ. ಬ್ಲೀಚಿಂಗ್ ಪೌಡರನ್ನು ಕೈಯಳತೆಯಲ್ಲಿ ಹಾಕಿರುತ್ತಾರೆ. 50 ಗ್ರಾಮಿನ ಒಂದು ಹಿಡಿ ತಾಜಾ ಪೌಡರ್ 5,000 ಲೀಟರ್‌ಗೆ ಬಿದ್ದರೆ ಲೀಟರ್‌ಗೆ 3 ಮಿಲಿಗ್ರಾಂ ಕ್ಲೋರಿನ್ ಆಯಿತು. ಅದಕ್ಕೆ 1,000 ಲೀಟರ್‌ಗೆ 21 ಗ್ರಾಂ ಹೈಪೋ ಬೇಕು.

ಪ್ರಶ್ನೆ: ನಮ್ಮದು ಸ್ವಂತ ಬೋರು, ಕ್ಲೋರಿನ್ ಇಲ್ಲವೇ ಇಲ್ಲ. ಆದರೂ ನೀರು ಬಿಟ್ಟಾಗಲೆಲ್ಲ ಮೀನು ಮೇಲೆ ಬಂದು ಬಾಯಿ ಬಿಡುತ್ತವೆ. (ಸೇಡಂ)

ಆಳದ ನೀರಿನಲ್ಲಿ ಆಮ್ಲಜನಕ ಇಲ್ಲದಷ್ಟು ಕಡಿಮೆ, ಇಂಗಾಲದ ಡೈಆಕ್ಸೈಡ್ ಹೆಚ್ಚು. ಬೋರಿನ ಪೈಪಿನ ಬಾಯಿಯನ್ನು ನೀರಿನೊಳಗೆ ಮುಳುಗಿಸಿ ಬಿಟ್ಟರೆ ಮೀನು ಉಸಿರು ಕಟ್ಟುತ್ತವೆ. ಪೈಪನ್ನು ಎದೆಯೆತ್ತರಕ್ಕೆ ಕಟ್ಟಿ, ಕೆಳಗೆ ತೂತು ಕೊರೆದ ಪ್ಲಾಸ್ಟಿಕ್ ಬುಟ್ಟಿ ಇಟ್ಟು, ಅದರಲ್ಲಿ ಜಲ್ಲಿ ತುಂಬಿ, ನೀರು ಅದರ ಮೂಲಕ ಹನಿ ಹನಿಯಾಗಿ ಡ್ರಮ್ಮಿಗೆ ಬೀಳಲಿ. ಡ್ರಮ್ಮಿನಲ್ಲಿ ಒಂದು ರಾತ್ರಿ ಏರ್ ಪಂಪ್ ಓಡಲಿ. ಮರುದಿನ ಅದೇ ನೀರು ಹಾಕಿ ನೋಡಿ, ಮೀನು ತಳ ಬಿಟ್ಟು ಮೇಲೆ ಬರುವುದಿಲ್ಲ.