ಗ್ರಾಮಸಭೆಯಲ್ಲಿ ಕೂಗಿದ್ದೀರಿ, ನಡಾವಳಿಯಲ್ಲಿ ಬರೆಸಿದ್ದೀರಾ?

ಈ ಬಾರಿಯ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ದೂರಿನವು. ಅದಕ್ಕೆ ಮಾತ್ರ ವಿವರವಾಗಿ ಬರೆಯುತ್ತೇನೆ. ದಯವಿಟ್ಟು ಮುಂದಿನ ತಿಂಗಳು ಮತ್ತೆ ಕೇಳಬೇಡಿ.

ಪ್ರಶ್ನೆ: ಗ್ರಾಮಸಭೆಯಲ್ಲಿ ಕಳಪೆ ಚರಂಡಿ ಕಾಮಗಾರಿಯ ಬಗ್ಗೆ ಗಟ್ಟಿಯಾಗಿ ಪ್ರಶ್ನಿಸಿದೆವು. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ‘ಪರಿಶೀಲಿಸುತ್ತೇವೆ’ ಎಂದರು. ಆರು ತಿಂಗಳಾದರೂ ಏನೂ ಆಗಿಲ್ಲ. ಜನ ಮಾತನಾಡಿ ಏನು ಪ್ರಯೋಜನ?

ಉತ್ತರ: ನೀವು ಕೇಳಿದ್ದು ನಡಾವಳಿ ಪುಸ್ತಕದಲ್ಲಿ ದಾಖಲಾಗಿದೆಯೇ? ನಿಮ್ಮ ಪತ್ರದಲ್ಲಿ ಆ ಮಾತೇ ಇಲ್ಲ. ಗಂಟಲು ಹರಿಯುವಂತೆ ಕೂಗುತ್ತೀರಿ, ವಿಡಿಯೊ ಮಾಡಿ ವಾಟ್ಸ್‌ಆ್ಯಪ್‌ಗೆ ಹಾಕುತ್ತೀರಿ, ಹೊರಡುವಾಗ ಯಾರೋ ಚಾಚಿದ ಖಾಲಿ ಹಾಳೆಗೆ ಸಹಿ ಹಾಕಿ ಮನೆಗೆ ಹೋಗುತ್ತೀರಿ. ‘ಸಭೆಯು ಸರ್ವಾನುಮತದಿಂದ ಒಪ್ಪಿಗೆ ನೀಡಿತು’ ಎಂಬ ಸಾಲು ಆಮೇಲೆ ಆ ಸಹಿಗಳ ಮೇಲೆ ಬಂದು ಕೂರುತ್ತದೆ. ಖಾಲಿ ಹಾಳೆಗೆ ಸಹಿ ಹಾಕಬೇಡಿ ಎಂದು ವಿದ್ಯಾವಂತರಿಗೂ ಹೇಳಬೇಕಾಗಿ ಬಂದಿರುವುದು ನನಗೆ ಬೇಸರದ ಸಂಗತಿ.

ಪ್ರಶ್ನೆಯನ್ನು ಸಭೆಗೆ ಮೊದಲೇ ಬರೆದು ಕೊಟ್ಟು, ಮೊಹರು ಹಾಕಿದ ಸ್ವೀಕೃತಿ ಪಡೆಯಿರಿ. ಸಭೆ ಮುಗಿಯುವ ಮುನ್ನ ನಡಾವಳಿಯನ್ನು ಓದಿಸಿ. ಮತದಾರರ ಹತ್ತರಲ್ಲೊಂದು ಭಾಗ ಅಥವಾ ನೂರು ಮಂದಿ, ಇವೆರಡರಲ್ಲಿ ಕಡಿಮೆ ಯಾವುದೋ ಅಷ್ಟು ಜನ ಇಲ್ಲದಿದ್ದರೆ ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಾತಿ) ಇಲ್ಲವೆಂಬುದನ್ನೂ ಬರೆಸಿ.

ಇನ್ನು ಪ್ರಶ್ನೆಯ ರೀತಿ. ‘ಕಳಪೆ’ ಎಂಬುದು ನಿಮ್ಮ ಅಭಿಪ್ರಾಯ. ಅದಕ್ಕೆ ‘ಪರಿಶೀಲಿಸುತ್ತೇವೆ’ ಎಂಬ ಉತ್ತರವೇ ಸಿಗುವುದು. ಅಂದಾಜು ಪಟ್ಟಿಯಲ್ಲಿ ಚರಂಡಿಯ ಉದ್ದ ಎಷ್ಟು, ಆದ ಕೆಲಸವನ್ನು ಅಳೆದು ಬರೆದಿಡುವ ಅಳತೆ ಪುಸ್ತಕದಲ್ಲಿ ಎಷ್ಟು, ಬಿಲ್ ಪಾವತಿಯಾದದ್ದು ಎಷ್ಟಕ್ಕೆ ಎಂದು ಕೇಳಿ. ಆಮೇಲೆ ಟೇಪು ಹಿಡಿದು ನೀವೇ ಅಳೆಯಿರಿ. ಕಾಗದ ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ: 10 ರೂಪಾಯಿ ಶುಲ್ಕ, 30 ದಿನಗಳ ಗಡುವು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಊರಿನ ರಾಜಕೀಯದ ಇತಿಹಾಸವನ್ನೆಲ್ಲ ಅದರಲ್ಲಿ ತುರುಕಬೇಡಿ. ಕಾಮಗಾರಿಯನ್ನೇ ಪರಿಶೀಲಿಸುವ, ಬಳಸಿದ ಸಾಮಗ್ರಿಯ ಪ್ರಮಾಣಿತ ಮಾದರಿ ಪಡೆಯುವ ಹಕ್ಕೂ ಅದೇ ಕಾಯ್ದೆಯಲ್ಲಿದೆ. ಅದನ್ನು ಬಳಸುವವರು ತೀರ ಕಡಿಮೆ.

ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಪ್ರತಿ ಪಂಚಾಯಿತಿಯಲ್ಲೂ ಜಮಾಬಂದಿ ನಡೆಯಬೇಕು. ಹಿಂದಿನ ಹಣಕಾಸು ವರ್ಷದ ಲೆಕ್ಕ, ಕಾಮಗಾರಿ ಎರಡನ್ನೂ ಜನರೆದುರು ಪರಿಶೀಲಿಸುವುದಕ್ಕೆಂದೇ ಇರುವ ದಿನ ಅದು. ಗ್ರಾಮಸಭೆಯ ಜಗಳದ ಬಗ್ಗೆ ಇಷ್ಟು ಪತ್ರಗಳು ಬರುತ್ತವೆ, ಜಮಾಬಂದಿಯ ಬಗ್ಗೆ ಒಂದೂ ಇಲ್ಲ.

ಒಂದು ಎಚ್ಚರಿಕೆ, ಇದರಲ್ಲಿ ನಾನು ಸ್ವಲ್ಪ ಅತಿಯಾಗಿಯೇ ಅಂಜುಬುರುಕ. ಒಬ್ಬರೇ ಮುನ್ನುಗ್ಗಬೇಡಿ. ಗುತ್ತಿಗೆದಾರ ಪಕ್ಕದ ಬೀದಿಯವನೇ ಆಗಿರುತ್ತಾನೆ. ಸ್ವಸಹಾಯ ಸಂಘದ ಮಹಿಳೆಯರೂ ಸೇರಿ ಐದಾರು ಮಂದಿ ಬೇರೆ ಬೇರೆ ಅರ್ಜಿ ಹಾಕಿ.

ಪ್ರಶ್ನೆ: ಗ್ರಾಮಸಭೆಯಲ್ಲಿ ನಿರ್ಣಯ ಮಾಡಿ ಅಧ್ಯಕ್ಷರನ್ನು ಇಳಿಸಬಹುದೇ?

ಉತ್ತರ: ಇಲ್ಲ. ಅವಿಶ್ವಾಸ ಮಂಡಿಸುವುದು ಪಂಚಾಯಿತಿ ಸದಸ್ಯರ ಕೆಲಸ. ಇದನ್ನು ಸಾಕಷ್ಟು ಸಲ ಬರೆದಿದ್ದೇನೆ.

ಪ್ರಶ್ನೆ: ಅಧ್ಯಕ್ಷೆಯ ಪತಿಯೇ ಸಭೆ ನಡೆಸುತ್ತಾರೆ. ಏನು ಮಾಡುವುದು?

ಉತ್ತರ: ಅವರನ್ನು ಸಭಿಕರ ಸಾಲಿನಲ್ಲಿ ಕೂರಿಸಿ. ನಿಮ್ಮ ಪ್ರಶ್ನೆಯನ್ನು ಅಧ್ಯಕ್ಷೆಯನ್ನೇ ಉದ್ದೇಶಿಸಿ ಕೇಳಿ. ‘ಯಜಮಾನರೇ’ ಎಂದು ಅವರತ್ತ ತಿರುಗುವವರು ನೀವೇ ತಾನೆ?

ಪ್ರಶ್ನೆ: ಐದು ಸಾವಿರ ಕೊಟ್ಟರೆ ಪಂಚಾಯಿತಿಯ ಎಲ್ಲ ದಾಖಲೆ ತೆಗೆಸಿಕೊಡುತ್ತೇನೆ ಎನ್ನುವವರೊಬ್ಬರಿದ್ದಾರೆ. ನಂಬಬಹುದೇ?

ಉತ್ತರ: 10 ರೂಪಾಯಿಯ ಅರ್ಜಿಗೆ ಐದು ಸಾವಿರ! ವಿಸಿಟಿಂಗ್ ಕಾರ್ಡ್‌ನಲ್ಲಿ ‘ಹೋರಾಟಗಾರ’ ಎಂದು ಅಚ್ಚು ಹಾಕಿಸಿಕೊಂಡ ಇಂಥವರು ಅದೇ ದಾಖಲೆಯನ್ನು ಗುತ್ತಿಗೆದಾರನಿಗೂ ತೋರಿಸಿ, ಬಾಯಿ ಮುಚ್ಚಿಕೊಂಡಿರಲು ಅವನಿಂದಲೂ ಹಣ ಕೀಳುತ್ತಾರೆ. ಬಿಳಿ ಹಾಳೆ ತೆಗೆದುಕೊಂಡು ಅರ್ಜಿಯನ್ನು ನೀವೇ ಬರೆಯಿರಿ.