ಸರ್ಕಾರ ಖರ್ಚು ಕಡಿಮೆ ಮಾಡಿದರೆ ಒಳ್ಳೆಯದೇ ಅಲ್ವಾ?

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತೀವಲ್ಲ, ಸರ್ಕಾರವೂ ಹಾಗೇ ಯಾಕೆ ಮಾಡಬಾರದು ಅಂತ ಕೇಳಿದ್ದೀರಿ. ನಾನು ಚಹಾ ಬಿಟ್ಟರೆ ನನ್ನ ಪಗಾರ ಇಳಿಯುವುದಿಲ್ಲ. ಸರ್ಕಾರ ಕೈ ಬಿಗಿ ಮಾಡಿದರೆ ಯಾರದ್ದೋ ದುಡಿಮೆ ನಿಲ್ಲುತ್ತದೆ, ಅವನಿಂದ ಬರುವ ತೆರಿಗೆಯೂ ಇಳಿಯುತ್ತದೆ.

ನಾನು ಪುಣೆಯಲ್ಲಿ ಫುಟ್‌ಪಾತ್‌ಗೆ ಪೇವಿಂಗ್ ಬ್ಲಾಕ್ ಹಾಕಿಸುವ ಸಣ್ಣ ಗುತ್ತಿಗೆದಾರ. ಕೆಲಸದವರೆಲ್ಲ ನಮ್ಮ ವಿಜಯಪುರ, ಕಲಬುರಗಿ ಕಡೆಯವರು. ಒಂದು ಸಲ ಕೆಲಸ ಮುಗಿದು, ಅಳತೆ ಪುಸ್ತಕದಲ್ಲಿ ಬರೆದೂ ಆಯಿತು. ಬಿಲ್ ಮಾತ್ರ ಹನ್ನೊಂದು ತಿಂಗಳು ಬರಲಿಲ್ಲ. ಹೋದಾಗೆಲ್ಲ 'ಫಂಡ್ ನಾಹೀ, ಮಾರ್ಚ್ ನಂತರ್ ಬಘೂ'. ಫಂಡ್ ಇಲ್ಲ, ಮಾರ್ಚ್ ಆದ ಮೇಲೆ ನೋಡೋಣ ಅಂತ. ತಿಂಗಳಿಗೆ ನೂರಕ್ಕೆ ಎರಡರ ಬಡ್ಡಿಗೆ ತಂದು ಪಗಾರ ಕೊಟ್ಟೆ, ಅದೂ ಅರ್ಧರ್ಧ. ಹುಡುಗರ ಉದ್ರಿ ಬರೆಯಲು ಕಿರಾಣಿ ಅಂಗಡಿಯವನು ಎರಡನೇ ವಹಿ ತೆಗೆದ.

ಇದರಲ್ಲಿ ಒಂದು ಮಜಾ ಇದೆ. ನಮ್ಮ ಸರ್ಕಾರಗಳು ಖರ್ಚು ಬರೆಯುವುದು ಹಣ ಕೈಬಿಟ್ಟಾಗ. ಕೊಡದೆ ಇಟ್ಟುಕೊಂಡ ಬಿಲ್ ಕೊರತೆಯಲ್ಲಿ, ಅಂದರೆ ಆದಾಯ ಮೀರಿ ಮಾಡಿದ ಖರ್ಚಿನ ಲೆಕ್ಕದಲ್ಲಿ, ಕಾಣುವುದೇ ಇಲ್ಲ. ಉಳಿತಾಯ ಅಂತ ಕಂಡದ್ದು ನಿಜಕ್ಕೂ ಸಾಲವೇ. ತಂದವನು ನಾನು, ಅಷ್ಟೇ.

ಹಾಗಂತ ಸಾಲ ಎಷ್ಟಾದರೂ ಮಾಡಲಿ ಅನ್ನುತ್ತಿಲ್ಲ. ಕೇಂದ್ರದ ಕೊರತೆ ಇಳಿಯಬೇಕು ಅಂತ 2003ರಲ್ಲೇ ಕಾಯ್ದೆ ಬಂತು, ಜಿಡಿಪಿಯ (ದೇಶದ ಒಟ್ಟು ಉತ್ಪಾದನೆಯ) 3 ಪರ್ಸೆಂಟ್ ಅನ್ನುವ ಗುರಿ ಅದರ ನಿಯಮಗಳಲ್ಲಿ ಬಂತು. ಕೊರೊನಾ ವರ್ಷ, 2020-21ರಲ್ಲಿ, ಕೊರತೆ 9 ಪರ್ಸೆಂಟನ್ನೂ ದಾಟಿತು. ಆಗ ಖರ್ಚು ಮಾಡದೆ ದಾರಿಯೇ ಇರಲಿಲ್ಲ. 2025-26ರ ಬಜೆಟ್‌ನಲ್ಲಿ 4.4ರ ಗುರಿ ಇಟ್ಟರು. ಅದೇ ಬಜೆಟ್‌ನಲ್ಲಿ ಖರ್ಚಿನ ಪ್ರತಿ ರೂಪಾಯಿಗೆ 20 ಪೈಸೆ ಬರೀ ಬಡ್ಡಿಗೆ. ಆ ಪೈಸೆಯಲ್ಲಿ ರಸ್ತೆಯೂ ಆಗಲ್ಲ, ಆಸ್ಪತ್ರೆಯೂ ಆಗಲ್ಲ.

ಕಡಿತ ಅಂತ ಬಂದರೆ ಕತ್ತರಿ ಬೀಳುವುದು ಎಲ್ಲಿ? ಬಡ್ಡಿ, ಸಂಬಳ, ಪಿಂಚಣಿ ಮುಟ್ಟುವ ಹಾಗಿಲ್ಲ. ಮಹಾರಾಷ್ಟ್ರ ಸರ್ಕಾರ ಹೆಂಗಸರಿಗೆ ಕೊಡುವ, 2024ರಲ್ಲಿ ಶುರುವಾದ ಲಾಡ್ಕಿ ಬಹೀಣ್ ಯೋಜನೆಯ ತಿಂಗಳ 1,500 ರೂಪಾಯಿ ನಿಲ್ಲಿಸುವ ಧೈರ್ಯ ಯಾವ ಪಕ್ಷಕ್ಕಿದೆ? ಆ ದುಡ್ಡು ನಮ್ಮ ಚಾಳಿನಲ್ಲಿ ಅದೇ ವಾರ ಎಣ್ಣೆ, ಬೇಳೆಗೆ ಹೋಗುತ್ತದೆ, ಅದನ್ನು ತಪ್ಪು ಅನ್ನಲಾರೆ. ಉಳಿಯುವುದು ರಸ್ತೆ, ಚರಂಡಿ, ನಮ್ಮಂಥವರ ಬಿಲ್ಲು. ಕಡಿಮೆ ಮಾಡಲೇಬೇಕಾದರೆ ಹೊಸ ಟೆಂಡರ್ ಕರೆಯದೆ ಇರಲಿ, ಮುಗಿದ ಕೆಲಸದ ಹಣ ತಡೆಯುವುದು ಬೇಡ.

ನನ್ನ ಬಿಲ್ ಕೊನೆಗೂ ಮಾರ್ಚ್ 30ಕ್ಕೆ ಬಂತು. ಲಾಭದ ಮುಕ್ಕಾಲು ಪಾಲು ಬಡ್ಡಿಯವನ ಕೈಗೆ ಹೋಯಿತು. ಈಗ ಟೆಂಡರ್ ತುಂಬುವಾಗ ಒಂದು ವರ್ಷದ ಬಡ್ಡಿಯನ್ನು ಮೊದಲೇ ದರದಲ್ಲಿ ಸೇರಿಸಿ ಬರೆಯುತ್ತೇನೆ.