ಸ್ಟ್ಯಾಟಿಕ್ ಐಪಿ (ಬದಲಾಗದ ಇಂಟರ್ನೆಟ್ ವಿಳಾಸ) ಇದೆ, ರೆಕಾರ್ಡರ್‌ಗೆ ಕೈಯಾರೆ 192.168.1.50 ಐಪಿ ಹಾಕಿದ್ದೇನೆ, ಹೊರಗಿನ ಕರೆ ಅದಕ್ಕೆ ಹೋಗಲು ಪೋರ್ಟ್ ಫಾರ್ವರ್ಡ್ ಮಾಡಿದ್ದೇನೆ, ಫೈರ್‌ವಾಲ್ ಕೂಡ ಆಫ್. ಆದರೂ ಕ್ಯಾಮೆರಾ ರೆಕಾರ್ಡರ್ ಹೊರಗಿನಿಂದ ತೆರೆಯುತ್ತಿಲ್ಲ, ಮನೆಯೊಳಗೆ ಮಾತ್ರ ಬರುತ್ತದೆ. ಯಾಕೆ?

ಮೊದಲು ಆ ಫೈರ್‌ವಾಲ್ ವಾಪಸ್ ಆನ್ ಮಾಡಿಬಿಡಿ. ಆಫ್ ಮಾಡಿದರೂ ಏನೂ ಬದಲಾಗಲಿಲ್ಲ ಅಂದರೆ ತೊಂದರೆ ಬಹುಶಃ ಬೇರೆ ಕಡೆ ಇದೆ. ಸುಮ್ನೆ ಮನೆಯ ಉಳಿದ ಸಾಧನಗಳನ್ನು ಬಯಲಿಗಿಡುವುದು ಬೇಡ.

ಗೇಟ್‌ವೇಯ (ಮನೆಯನ್ನು ಇಂಟರ್ನೆಟ್‌ಗೆ ಸೇರಿಸುವ ರೌಟರ್) ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ, ಅಂದರೆ ಹೊರಗಿನ ಕಡೆಯ ವಿಳಾಸ, ಎಷ್ಟಿದೆ ನೋಡಿ. ನಿಮಗೆ ಕೊಟ್ಟ ಸ್ಟ್ಯಾಟಿಕ್ ಐಪಿಯೇ ಅಲ್ಲಿ ಕಾಣಬೇಕು. ಅದು 100.64ರಿಂದ 100.127ರೊಳಗೆ ಶುರುವಾಗಿದ್ದರೆ ನೀವು ಇನ್ನೂ ಹಲವು ಗ್ರಾಹಕರು ಹಂಚಿಕೊಳ್ಳುವ ವಿಳಾಸದ ಹಿಂದೆ ಇದ್ದೀರಿ, ಇಂಟರ್ನೆಟ್ ಕಂಪನಿಯವರನ್ನೇ ಕೇಳಬೇಕು. 192.168 ಅಥವಾ 10 ಎಂದು ಶುರುವಾಗಿದ್ದರೆ ನಿಮ್ಮ ಗೇಟ್‌ವೇ ಮುಂದೆ ಇನ್ನೊಂದು ರೌಟರ್ ಕೂತಿರುವ ಸಾಧ್ಯತೆ ಜಾಸ್ತಿ. ಆಗ ಮುಂದಿನದನ್ನು ಬ್ರಿಡ್ಜ್ ಮೋಡ್‌ಗೆ (ತಾನು ರೌಟರ್ ಆಗದೆ ಸಂಪರ್ಕವನ್ನು ಹಾಗೇ ದಾಟಿಸುವ ಸ್ಥಿತಿ) ಹಾಕಬೇಕು.

ಪರೀಕ್ಷೆಯನ್ನು ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಿಂದಲೇ ಮಾಡಿ. ಮನೆಯೊಳಗೆ ಕೂತು ಸ್ವಂತ ಹೊರಗಿನ ಐಪಿಯನ್ನು ತೆರೆಯಲು ಹಲವು ಗೇಟ್‌ವೇಗಳು ಬಿಡುವುದಿಲ್ಲ. ಪಿಂಗ್ (ಒಂದು ವಿಳಾಸ ಓಗೊಡುತ್ತದೆಯೇ ಎಂದು ನೋಡುವ ಪರೀಕ್ಷೆ) ಫಲಿತಾಂಶವನ್ನೂ ನಂಬಬೇಡಿ. ಹೊರಗಿನ ಪಿಂಗ್‌ಗೆ ಉತ್ತರ ಕೊಡದಿರುವ ಹಾಗೆ ಎಷ್ಟೋ ಗೇಟ್‌ವೇಗಳನ್ನು ಮೊದಲೇ ಹೊಂದಿಸಿರುತ್ತಾರೆ.

ಇಷ್ಟೂ ಸರಿ ಇದ್ದರೆ ನನ್ನ ಅನುಮಾನ ರೆಕಾರ್ಡರ್‌ನ ಒಳಗಿನ ಒಂದು ಸಾಲಿನ ಮೇಲೆ. ನೀವು ಕೈಯಾರೆ 192.168.1.50 ಎಂದು ಐಪಿ ತುಂಬಿದ್ದೇನೋ ಸರಿ, ಅದರ ಕೆಳಗೆ ಡಿಫಾಲ್ಟ್ ಗೇಟ್‌ವೇ ಎಷ್ಟು ಹಾಕಿದ್ದೀರಿ?

ನನ್ನ ಮನೆಯ ಲಿನಕ್ಸ್ ಸರ್ವರ್‌ಗೂ ಇದೇ ಆಗಿತ್ತು. ಎರಡು ಸಂಜೆ ಫೈರ್‌ವಾಲ್ ನಿಯಮಗಳನ್ನೇ ಅಳಿಸಿ ಬರೆದೆ. ಕೊನೆಗೆ ಸರ್ವರ್‌ನಲ್ಲಿ, ಬಂದುಹೋಗುವ ನೆಟ್‌ವರ್ಕ್ ಸಂದೇಶಗಳನ್ನು ತೋರಿಸುವ ಟಿಸಿಪಿಡಂಪ್ ಓಡಿಸಿ ಮೊಬೈಲ್‌ನಿಂದ ಕನೆಕ್ಟ್ ಮಾಡಿದೆ. ಪರದೆಯ ಮೇಲೆ ಮೊಬೈಲ್‌ನ ವಿಳಾಸ ಬಂದೇ ಬಂತು! ಒಂದು ಸೆಕೆಂಡ್ ಬಿಟ್ಟು ಮತ್ತೆ, ಎರಡು ಸೆಕೆಂಡ್ ಬಿಟ್ಟು ಮತ್ತೆ. ಅಂದರೆ ಗೇಟ್‌ವೇ ಸರಿಯಾಗಿಯೇ ಒಳಗೆ ಬಿಡುತ್ತಿತ್ತು. ನಡುನಡುವೆ ಇನ್ನೊಂದು ಸಾಲು: ‘192.168.1.254 ಯಾರು’ ಎಂದು ಸರ್ವರ್ ಕೇಳುತ್ತಲೇ ಇತ್ತು, ಯಾರೂ ಓಗೊಡುತ್ತಿರಲಿಲ್ಲ. 254 ನನ್ನ ಹಳೆಯ ಗೇಟ್‌ವೇಯ ವಿಳಾಸ. ಹೊಸದು 192.168.1.1ರಲ್ಲಿತ್ತು, ಸರ್ವರ್‌ನಲ್ಲಿ ಅದನ್ನು ಬದಲಿಸಿರಲಿಲ್ಲ.

ಒಂದೇ ಮನೆಯ ನೆಟ್‌ವರ್ಕ್‌ನಲ್ಲಿರುವ ಸಾಧನಗಳು ನೇರವಾಗಿ ಮಾತಾಡಿಕೊಳ್ಳುತ್ತವೆ, ಅವಕ್ಕೆ ಗೇಟ್‌ವೇ ಬೇಕಿಲ್ಲ. ಅದಕ್ಕೇ ಒಳಗೆ ಎಲ್ಲ ಚೆನ್ನಾಗಿರುತ್ತದೆ. ಹೊರಗಿನವರಿಗೆ ಉತ್ತರ ಹೋಗಬೇಕಾದರೆ ಮಾತ್ರ ಅದು ಬೇಕು. ಕರೆ ಒಳಗೆ ಬರುತ್ತದೆ, ಉತ್ತರಕ್ಕೆ ದಾರಿ ಇಲ್ಲ. ನಿಮ್ಮ ಲಕ್ಷಣಗಳೂ ಹಾಗೇ ಇವೆ, ಅಲ್ವಾ? ರೆಕಾರ್ಡರ್ ಇಂಟರ್ನೆಟ್‌ನಿಂದ ಸಮಯ ಸರಿಮಾಡಿಕೊಳ್ಳುತ್ತಿದೆಯೇ ನೋಡಿ. ಅದೂ ಆಗುತ್ತಿಲ್ಲವಾದರೆ ಗೇಟ್‌ವೇ ಅಥವಾ ಡಿಎನ್‌ಎಸ್ (ಹೆಸರಿನಿಂದ ಐಪಿ ಹುಡುಕಿಕೊಡುವ ಸೇವೆ) ಸಾಲು ತಪ್ಪಿರುವ ಹಾಗೆ ಕಾಣುತ್ತದೆ.

ಇದಕ್ಕೆ ನಾನು ಈಗ ಮಾಡುವುದು ಇಷ್ಟು: ಸಾಧನವನ್ನು ಡಿಎಚ್‌ಸಿಪಿಯಲ್ಲೇ (ಐಪಿಗಳನ್ನು ತಾನಾಗಿ ಹಂಚುವ ವ್ಯವಸ್ಥೆ) ಬಿಟ್ಟು, ಅದರ ಮ್ಯಾಕ್ ವಿಳಾಸಕ್ಕೆ (ಸಾಧನದ ಹಾರ್ಡ್‌ವೇರ್ ಗುರುತು) ಒಂದು ಐಪಿಯನ್ನು ಗೇಟ್‌ವೇಯಲ್ಲೇ ಕಾಯ್ದಿರಿಸುವುದು. ಗೇಟ್‌ವೇ, ಮಾಸ್ಕ್ (ಮನೆಯ ನೆಟ್‌ವರ್ಕ್‌ನ ವ್ಯಾಪ್ತಿ ಹೇಳುವ ಸಾಲು), ಡಿಎನ್‌ಎಸ್ ಎಲ್ಲ ತಾನಾಗಿ ಹೋಗುತ್ತದೆ. ಕೈಯಾರೆಯೇ ಹಾಕುತ್ತೀರಾದರೆ ಆ ಐಪಿ ಡಿಎಚ್‌ಸಿಪಿ ಹಂಚುವ ಸಾಲಿನಿಂದ ಹೊರಗಿರಲಿ. ಗೇಟ್‌ವೇ 2ರಿಂದ 254ರವರೆಗೆ ಹಂಚುತ್ತಿದ್ದರೆ ನಿಮ್ಮ 50 ಯಾವುದಾದರೂ ಫೋನಿಗೆ ಹೋದೀತು. ಆಮೇಲೆ ಒಮ್ಮೆ ಬರುತ್ತದೆ, ಒಮ್ಮೆ ಬರುವುದಿಲ್ಲ ಎನ್ನುವ ಗೋಳು ಶುರು.

ಫಾರ್ವರ್ಡ್ ನಿಯಮದಲ್ಲಿ ಗುರಿಯಾಗಿ ಒಳಗಿನ ಐಪಿಯೇ ಇರಬೇಕು, ಹೊರಗಿನದಲ್ಲ. ಕೆಲವು ಗೇಟ್‌ವೇಗಳಲ್ಲಿ ಅದರ ಜೊತೆಗೆ ಫೈರ್‌ವಾಲ್‌ನಲ್ಲಿ ಬೇರೆ ಅನುಮತಿಯೂ ಕೊಡಬೇಕಾಗುತ್ತದೆ.

ಇನ್ನೊಂದನ್ನು ಹೇಳದೆ ಇರಲಾರೆ. ರೆಕಾರ್ಡರ್ ಅನ್ನು ನೇರವಾಗಿ ಇಂಟರ್ನೆಟ್‌ಗೆ ತೆರೆಯುವುದು ನನಗೆ ಒಪ್ಪಿಗೆಯಿಲ್ಲ. 2016ರಲ್ಲಿ ಮಿರಾಯ್ ಎಂಬ ಮಾಲ್‌ವೇರ್, ಕಂಪನಿಯಿಂದ ಬಂದ ಪಾಸ್‌ವರ್ಡ್ ಬದಲಿಸದೆ ಬಿಟ್ಟಿದ್ದ ಇಂಥ ಕ್ಯಾಮೆರಾ, ರೆಕಾರ್ಡರ್‌ಗಳನ್ನೇ ಹುಡುಕಿ ಹಿಡಿದು ದೊಡ್ಡ ದಾಳಿಗಳಿಗೆ ಬಳಸಿಕೊಂಡಿತು. ನಿಮ್ಮ ಗೇಟ್‌ವೇಯಲ್ಲಿ ವೈರ್‌ಗಾರ್ಡ್ ಅಥವಾ ಬೇರೆ ವಿಪಿಎನ್ (ಹೊರಗಿನಿಂದ ಮನೆಯ ನೆಟ್‌ವರ್ಕ್‌ಗೆ ಬರುವ ಸುರಕ್ಷಿತ ದಾರಿ) ಇದ್ದರೆ ಅದರ ಮೂಲಕವೇ ಒಳಗೆ ಬಂದು ನೋಡಿ. ಆಗ ರೆಕಾರ್ಡರ್‌ಗೆ ಮಾಡಿದ ಫಾರ್ವರ್ಡ್ ತೆಗೆದುಹಾಕಬಹುದು.

ಇದಾದ ಮೇಲೂ ಬರದಿದ್ದರೆ ವ್ಯಾನ್ ಐಪಿಯ ಮೊದಲ ಎರಡು ಸಂಖ್ಯೆ (ಎರಡನೇ ಚುಕ್ಕಿಯವರೆಗೆ) ಮತ್ತು ರೆಕಾರ್ಡರ್‌ನ ನೆಟ್‌ವರ್ಕ್ ಪುಟದಲ್ಲಿರುವ ಸಾಲುಗಳನ್ನು ಕೆಳಗೆ ಬರೆಯಿರಿ. ಪೂರ್ತಿ ಐಪಿ ಹಾಕಬೇಡಿ.